ಅಂಡಮಾನ್ ದ್ವೀಪಗಳಲ್ಲಿ ದೀರ್ಘ ರಸ್ತೆ ಪ್ರವಾಸ: ಅನುಮತಿ ಹಾಗೂ ಪೂರ್ವಸಿದ್ಧತೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಅಂಡಮಾನ್ ಪ್ರವಾಸವೆಂದರೆ ಸೆಲ್ಯುಲರ್ ಜೈಲು, ಒಂದೆರಡು ಕಡಲತೀರ ಹಾಗೂ ನಾಲ್ಕು ದಿನಗಳಲ್ಲಿ ವಾಪಸು ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ದಕ್ಷಿಣ ಅಂಡಮಾನಿನಿಂದ ಉತ್ತರದ ದಿಗ್ಲಿಪುರದವರೆಗೆ ಸುಮಾರು 325 ಕಿ.ಮೀ. ಉದ್ದದ ಅಂಡಮಾನ್ ಟ್ರಂಕ್ ರಸ್ತೆಯಲ್ಲಿ ಸಂಚರಿಸಿ, ಅರಣ್ಯ, ವನ್ಯಜೀವಿ ಮತ್ತು ಕಡಲತೀರಗಳನ್ನು ನಿಧಾನವಾಗಿ ನೋಡಬಯಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಪೋರ್ಟ್ ಬ್ಲೇರ್ ನಗರವನ್ನು 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯಪುರಂ ಎಂದು ಮರುನಾಮಕರಣ ಮಾಡಲಾಗಿದ್ದು, ಟಿಕೆಟು ಹಾಗೂ ವೇಳಾಪಟ್ಟಿಗಳಲ್ಲಿ ಎರಡೂ ಹೆಸರುಗಳು ಕಂಡುಬಂದಲ್ಲಿ ಗೊಂದಲಕ್ಕೆ ಒಳಗಾಗಬೇಕಾಗಿಲ್ಲ.

ಕಾಲ ಮತ್ತು ದಿನಗಳ ಲೆಕ್ಕ

ಈ ದ್ವೀಪಗಳಿಗೆ ನೈಋತ್ಯ ಮತ್ತು ಈಶಾನ್ಯ ಮುಂಗಾರುಗಳೆರಡೂ ಮಳೆ ತರುತ್ತವೆ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆಯಾಗುವ ಈ ಪ್ರದೇಶದಲ್ಲಿ ಜನವರಿಯಿಂದ ಏಪ್ರಿಲ್‌ವರೆಗಿನ ಅವಧಿಯೇ ಪ್ರಯಾಣಕ್ಕೆ ಸೂಕ್ತ. ಮೇ ತಿಂಗಳ ರಜೆಯಲ್ಲಿ ಹೊರಡುವ ಕುಟುಂಬಗಳು ಸಮುದ್ರ ಪ್ರಕ್ಷುಬ್ಧಗೊಂಡು ದೋಣಿ ಸಂಚಾರ ರದ್ದಾಗುವ ಸಂಭವವನ್ನು ಗಮನದಲ್ಲಿರಿಸಿಕೊಳ್ಳುವುದು ಅಗತ್ಯ.

ರಸ್ತೆ ಮಾರ್ಗದ ಪ್ರವಾಸಕ್ಕೆ ಕನಿಷ್ಠ ಹನ್ನೆರಡು ದಿನಗಳು ಬೇಕು. ಅವುಗಳ ಪೈಕಿ ಎರಡು ದಿನಗಳನ್ನು ಯಾವುದೇ ಕಾರ್ಯಕ್ರಮಕ್ಕೆ ಹಂಚದೆ ಮೀಸಲು ನಿಧಿಯಂತೆ ಉಳಿಸಿಕೊಳ್ಳತಕ್ಕದ್ದು. ಈ ಎರಡು ದಿನಗಳನ್ನು ಪ್ರವಾಸದ ಆರಂಭದಲ್ಲಿ ವ್ಯಯಿಸುವುದು ಸರಿಯಲ್ಲ. ಕೊನೆಯ ಎರಡು ರಾತ್ರಿಗಳನ್ನು ಶ್ರೀ ವಿಜಯಪುರಂನಲ್ಲಿಯೇ ಕಳೆಯುವಂತೆ ಯೋಜಿಸಿದಲ್ಲಿ, ಉತ್ತರದಲ್ಲಿ ಒಂದು ದಿನ ತಡವಾದರೂ ವಿಮಾನ ತಪ್ಪುವುದಿಲ್ಲ. ಬೆಂಗಳೂರಿನಿಂದ ವಿಮಾನ ಸೌಲಭ್ಯವಿದೆ. ಚೆನ್ನೈ, ಕೋಲ್ಕತ್ತ ಮತ್ತು ವಿಶಾಖಪಟ್ಟಣದಿಂದ ಹೊರಡುವ ಪ್ರಯಾಣಿಕ ಹಡಗುಗಳು ತಲುಪಲು ಸುಮಾರು ಮೂರು ದಿನ ತೆಗೆದುಕೊಳ್ಳುತ್ತವೆ. ಇವುಗಳ ದಿನಾಂಕ ಬದಲಾಗುತ್ತಿರುವುದರಿಂದ ರಜೆ ಸೀಮಿತವಾಗಿರುವವರಿಗೆ ಹಡಗು ಅನುಕೂಲಕರವಲ್ಲ.

ಇನ್ನೊಂದು ಸಂಗತಿಯನ್ನು ಅನೇಕರು ಮರೆಯುತ್ತಾರೆ. ದ್ವೀಪಗಳು ದೇಶದ ಪೂರ್ವ ಅಂಚಿನಲ್ಲಿದ್ದರೂ ಗಡಿಯಾರ ಭಾರತೀಯ ಕಾಲಮಾನದ್ದೇ. ಹೀಗಾಗಿ ಡಿಸೆಂಬರ್, ಜನವರಿಯಲ್ಲಿ ಸಂಜೆ ಐದು ಗಂಟೆಯ ಸುಮಾರಿಗೆ ಸೂರ್ಯಾಸ್ತವಾಗುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಹೊರಡುವ ಅಭ್ಯಾಸವುಳ್ಳವರು ಅರ್ಧ ದಿನವನ್ನೇ ಕಳೆದುಕೊಳ್ಳುತ್ತಾರೆ.

ಅನುಮತಿಗಳು

ಭಾರತೀಯ ನಾಗರಿಕರಿಗೆ ಶ್ರೀ ವಿಜಯಪುರಂ, ರಂಗತ್, ಮಾಯಾಬಂದರ್ ಹಾಗೂ ದಿಗ್ಲಿಪುರಕ್ಕೆ ಪ್ರತ್ಯೇಕ ಪ್ರವೇಶ ಪರವಾನಗಿ ಅಗತ್ಯವಿಲ್ಲ. ಭಾವಚಿತ್ರವಿರುವ ಗುರುತಿನ ಚೀಟಿಯ ಮೂಲ ಪ್ರತಿ ಹಾಗೂ ನಾಲ್ಕೈದು ನೆರಳಚ್ಚು ಪ್ರತಿಗಳು ಸಾಕು. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಗೆ ಅರಣ್ಯ ಇಲಾಖೆಯ ಅನುಮತಿಯನ್ನು ಆಯಾ ಸ್ಥಳದಲ್ಲಿ ಶುಲ್ಕ ಪಾವತಿಸಿ ಪಡೆಯಬೇಕು. ನಿಕೋಬಾರ್ ಗುಂಪಿನ ದ್ವೀಪಗಳಿಗೆ ಬುಡಕಟ್ಟು ಪ್ರದೇಶದ ಪ್ರತ್ಯೇಕ ಪಾಸು ಬೇಕಾಗಿದ್ದು, ಸಾಮಾನ್ಯ ಪ್ರವಾಸಿಗರು ಅದನ್ನು ನಿರೀಕ್ಷಿಸುವಂತಿಲ್ಲ. ವಿದೇಶಿ ಪಾಸ್‌ಪೋರ್ಟ್ ಹೊಂದಿರುವ ಬಂಧುಗಳು ಜೊತೆಗಿದ್ದಲ್ಲಿ ಅವರಿಗೆ ಅನ್ವಯಿಸುವ ನಿಯಮಗಳನ್ನು ಟಿಕೆಟು ಕಾಯ್ದಿರಿಸುವ ಮೊದಲೇ ಪರಿಶೀಲಿಸುವುದು ಒಳಿತು.

ಜರಾವಾ ಮೀಸಲು ಪ್ರದೇಶದ ಮೂಲಕ ಸಂಚಾರ

ಈ ಭಾಗವನ್ನು ಪ್ರಯಾಣಿಕರು ವಿಶೇಷ ಗಮನವಿಟ್ಟು ಓದಬೇಕೆಂದು ಕೋರಲಾಗಿದೆ. ಶ್ರೀ ವಿಜಯಪುರಂನಿಂದ ಸುಮಾರು 45 ಕಿ.ಮೀ. ದೂರದ ಜಿರ್ಕಾಟಾಂಗ್ ತಪಾಸಣಾ ಠಾಣೆಯ ನಂತರ ರಸ್ತೆಯು ಜರಾವಾ ಬುಡಕಟ್ಟು ಮೀಸಲು ಪ್ರದೇಶವನ್ನು ಪ್ರವೇಶಿಸಿ ಮಿಡ್ಲ್ ಸ್ಟ್ರೇಟ್ ದಡದವರೆಗೆ ಸಾಗುತ್ತದೆ. ಇಲ್ಲಿ ವಾಹನಗಳನ್ನು ದಿನಕ್ಕೆ ಕೆಲವೇ ನಿಗದಿತ ವೇಳೆಗಳಲ್ಲಿ ಪೊಲೀಸ್ ಬೆಂಗಾವಲಿನ ಸಾಲಿನಲ್ಲಿ ಬಿಡಲಾಗುತ್ತದೆ. ಸಂಜೆ ಮತ್ತು ರಾತ್ರಿ ಸಂಚಾರವಿಲ್ಲ. ಪ್ರಯಾಣಿಕರೆಲ್ಲರ ಹೆಸರು ಹಾಗೂ ಗುರುತಿನ ಚೀಟಿಯ ಸಂಖ್ಯೆಗಳನ್ನು ನಿಗದಿತ ನಮೂನೆಯಲ್ಲಿ ಭರ್ತಿ ಮಾಡಿ ಠಾಣೆಗೆ ಸಲ್ಲಿಸಬೇಕು. ಮೊದಲ ಸಾಲಿನಲ್ಲಿ ಸೇರಬೇಕಾದರೆ ನಗರದಿಂದ ಬೆಳಗಿನ ಜಾವವೇ ಹೊರಡಬೇಕಾಗುತ್ತದೆ.

ಮೀಸಲು ಪ್ರದೇಶದೊಳಗೆ ವಾಹನ ನಿಲ್ಲಿಸುವುದು, ಒಂದನ್ನೊಂದು ಹಿಂದಿಕ್ಕುವುದು, ಛಾಯಾಚಿತ್ರ ಅಥವಾ ವಿಡಿಯೊ ತೆಗೆಯುವುದು, ತಿಂಡಿ, ಬಟ್ಟೆ ಮುಂತಾದವುಗಳನ್ನು ಕೊಡುವುದು ನಿಷೇಧಿಸಲ್ಪಟ್ಟಿದೆ. ಬಿಸ್ಕತ್ತು ಕೊಡುವುದರಲ್ಲಿ ತಪ್ಪೇನು ಎಂದು ಕೇಳುವವರಿದ್ದಾರೆ. ಜರಾವಾ ಜನರ ಸಂಖ್ಯೆ 2001ರ ಜನಗಣತಿಯಲ್ಲಿ 240, 2011ರಲ್ಲಿ 380. ಹೊರಗಿನ ಜನರೊಂದಿಗೆ ಅವರ ಸಂಪರ್ಕ ಬೆಳೆದದ್ದು 1990ರ ದಶಕದ ಕೊನೆಯಲ್ಲಿ. 1999ರಲ್ಲಿಯೇ ಅವರಲ್ಲಿ ದಡಾರ ಹರಡಿತು. ನಮ್ಮ ಮಕ್ಕಳಿಗೆ ಲಸಿಕೆಯಿಂದ ತಪ್ಪುವ ರೋಗವು ಇಷ್ಟು ಸಣ್ಣ ಸಮುದಾಯಕ್ಕೆ ಅಳಿವು ಉಳಿವಿನ ಪ್ರಶ್ನೆ. ಈ ರಸ್ತೆಯನ್ನು ಮೀಸಲು ಭಾಗದಲ್ಲಿ ಮುಚ್ಚುವಂತೆ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಆದೇಶಿಸಿತ್ತು. ಆದರೂ ಸಂಚಾರ ಮುಂದುವರಿಯಿತು. 2012ರಲ್ಲಿ ಜರಾವಾ ಮಹಿಳೆಯರನ್ನು ಪ್ರವಾಸಿಗರ ಮುಂದೆ ಕುಣಿಸಿದ ವಿಡಿಯೊ ಬಹಿರಂಗವಾಗಿ ದೇಶವೇ ತಲೆತಗ್ಗಿಸುವಂತಾಯಿತು. 1956ರ ಮೂಲನಿವಾಸಿ ಬುಡಕಟ್ಟುಗಳ ಸಂರಕ್ಷಣಾ ವಿನಿಯಮಕ್ಕೆ ಅದೇ ವರ್ಷ ತಿದ್ದುಪಡಿ ತಂದು ಶಿಕ್ಷೆಯನ್ನು ಹೆಚ್ಚಿಸಲಾಯಿತು. ಉಲ್ಲಂಘಿಸಿದವರಿಗೆ ಸೆರೆವಾಸ ಮತ್ತು ದಂಡ ಎರಡೂ ಅನ್ವಯಿಸುತ್ತವೆ. ಚಾಲಕ ಅಥವಾ ಏಜೆಂಟರು “ಜರಾವಾರನ್ನು ತೋರಿಸುತ್ತೇವೆ” ಎಂದಲ್ಲಿ ಅಂಥವರ ವಾಹನವನ್ನು ಗೊತ್ತುಪಡಿಸಿಕೊಳ್ಳಬಾರದು.

ಮೀಸಲು ಪ್ರದೇಶದ ಮೂಲಕ ಹೋಗಲು ಮನಸ್ಸೊಪ್ಪದವರಿಗೆ ರಂಗತ್ ಮುಂತಾದ ಕಡೆಗೆ ಸರ್ಕಾರಿ ದೋಣಿಗಳ ಸಮುದ್ರ ಮಾರ್ಗವಿದೆ. ಸಮಯ ಹೆಚ್ಚು ಬೇಕಾದರೂ ಇದು ಪರಿಶೀಲಿಸತಕ್ಕ ಆಯ್ಕೆ.

ಬಾರಾಟಾಂಗ್‌ನಿಂದ ಉತ್ತರಕ್ಕೆ

ಬಾರಾಟಾಂಗ್‌ನಲ್ಲಿ ಕಾಂಡ್ಲಾ ಕಾಡಿನ ನಡುವಿನ ಕಿರುಗಾಲುವೆಯಲ್ಲಿ ದೋಣಿಯ ಮೂಲಕ ಸಾಗಿ, ಸ್ವಲ್ಪ ದೂರ ನಡೆದು ಸುಣ್ಣಕಲ್ಲಿನ ಗುಹೆಗಳನ್ನು ತಲುಪಬಹುದು. ಕೆಸರಿನ ಜ್ವಾಲಾಮುಖಿಯೂ ಇದೇ ದ್ವೀಪದಲ್ಲಿದೆ. ಬಹುತೇಕ ಪ್ರವಾಸಿಗರು ಅದೇ ದಿನ ಮರಳುತ್ತಾರೆ. ಸಂಜೆ ಗಿಳಿಗಳು ಹಿಂಡುಹಿಂಡಾಗಿ ಬಂದಿಳಿಯುವ ಪ್ಯಾರಟ್ ದ್ವೀಪವನ್ನು ನೋಡಬೇಕಾದಲ್ಲಿ ಮಾತ್ರ ಬಾರಾಟಾಂಗ್‌ನಲ್ಲಿ ರಾತ್ರಿ ತಂಗುವುದು ಅನಿವಾರ್ಯ. ಆ ವೇಳೆಗೆ ದಿನದ ಕೊನೆಯ ವಾಹನ ಸಾಲು ಹೊರಟುಹೋಗಿರುತ್ತದೆ. ವಸತಿ ಸೌಕರ್ಯ ಸಾಧಾರಣವಾಗಿದ್ದರೂ ಒಂದು ರಾತ್ರಿ ಅಲ್ಲಿ ಕಳೆಯುವುದು ಸಾರ್ಥಕ.

ರಂಗತ್ ಬಳಿಯ ಧನಿನಾಲಾದಲ್ಲಿ ಕಾಂಡ್ಲಾ ಕಾಡಿನ ಮೂಲಕ ಮರದ ಕಾಲುದಾರಿ ಕಡಲತೀರಕ್ಕೆ ಒಯ್ಯುತ್ತದೆ. ಮಾಯಾಬಂದರ್‌ನಲ್ಲಿ ಕರ್ಮಾಟಾಂಗ್ ಕಡಲತೀರವಿದೆ. ಅಲ್ಲಿಂದ ಉತ್ತರ ಅಂಡಮಾನಿಗೆ ದಾಟುವ ಸೇತುವೆಯ ಹೆಸರು ಚೆಂಗಪ್ಪ ಸೇತುವೆ. ಕೊಡಗಿನ ಓದುಗರಿಗೆ ಈ ಹೆಸರು ಆಪ್ತವೆನಿಸೀತು.

ದಿಗ್ಲಿಪುರಕ್ಕೆ ಮೂರು ದಿನ ಮೀಸಲಿಡತಕ್ಕದ್ದು. ಏರಿಯಲ್ ಬೇ ಬಂದರಿನಲ್ಲಿ ಅನುಮತಿ ಪಡೆದು, ಮರಳಿನ ದಿಬ್ಬದಿಂದ ಒಂದಕ್ಕೊಂದು ಸೇರಿಕೊಂಡಿರುವ ರಾಸ್ ಮತ್ತು ಸ್ಮಿತ್ ದ್ವೀಪಗಳಿಗೆ ದೋಣಿಯಲ್ಲಿ ಹೋಗಬಹುದು. ಭರತದ ವೇಳೆ ದಿಬ್ಬವು ನೀರಿನಲ್ಲಿ ಮುಳುಗುವುದರಿಂದ ಇಳಿತದ ಸಮಯವನ್ನು ಮೊದಲೇ ವಿಚಾರಿಸಿಕೊಳ್ಳಬೇಕು. 732 ಮೀಟರ್ ಎತ್ತರದ ಸ್ಯಾಡ್ಲ್ ಪೀಕ್ ಇಡೀ ದ್ವೀಪಸಮೂಹದ ಅತ್ಯುನ್ನತ ಶಿಖರವಾಗಿದ್ದು, ಏರಿ ಇಳಿಯಲು ಪೂರ್ಣ ಒಂದು ದಿನ ಬೇಕು.

ಕಾಲಿಪುರ ಕಡಲತೀರದಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ರಾತ್ರಿ ವೇಳೆ ಕಡಲಾಮೆಗಳು ಮೊಟ್ಟೆಯಿಡಲು ದಡಕ್ಕೆ ಬರುತ್ತವೆ. ಸುಮಾರು ಎರಡು ತಿಂಗಳ ಅಂತರದಲ್ಲಿ ಮರಿಗಳು ಹೊರಬರುವುದರಿಂದ ಫೆಬ್ರವರಿಯ ಪ್ರವಾಸಿಗರಿಗೆ ಎರಡನ್ನೂ ಕಾಣುವ ಅವಕಾಶವಿರುತ್ತದೆ. ಅರಣ್ಯ ಸಿಬ್ಬಂದಿಯ ಜೊತೆಯಲ್ಲದೆ ದಡಕ್ಕೆ ಇಳಿಯಬಾರದು. ಟಾರ್ಚು ಮತ್ತು ಫ್ಲಾಶ್ ಬೆಳಕಿಗೆ ಬೆದರಿ ಆಮೆಯು ಮೊಟ್ಟೆಯಿಡದೆ ಸಮುದ್ರಕ್ಕೆ ಮರಳುವುದುಂಟು. ಗಂಟೆಗಟ್ಟಲೆ ಕತ್ತಲಲ್ಲಿ ಕಾದರೂ ಆಮೆ ಬಾರದ ರಾತ್ರಿಗಳೂ ಇರುತ್ತವೆಂಬುದನ್ನು ಮಕ್ಕಳಿಗೆ ಮುಂಚಿತವಾಗಿ ತಿಳಿಸಿರಬೇಕು.

ಮೊಸಳೆ ಹಾಗೂ ಹವಳ

ಈ ದ್ವೀಪಗಳಲ್ಲಿ ಹುಲಿ, ಚಿರತೆಗಳಿಲ್ಲ. ಆದರೆ ಉಪ್ಪುನೀರಿನ ಮೊಸಳೆ ಇದೆ. ಅದು ಹಳ್ಳಗಳಲ್ಲಿ ಮಾತ್ರವಲ್ಲದೆ ತೆರೆದ ಸಮುದ್ರದಲ್ಲಿಯೂ ಸಂಚರಿಸುತ್ತದೆ. ಈಗ ಸ್ವರಾಜ್ ದ್ವೀಪವೆಂದು ಕರೆಯಲಾಗುವ ಹ್ಯಾವ್ಲಾಕ್‌ನ ಪ್ರಸಿದ್ಧ ಕಡಲತೀರದ ಬಳಿಯೇ 2010ರಲ್ಲಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಹಳ್ಳ ಸಮುದ್ರಕ್ಕೆ ಸೇರುವ ಸ್ಥಳದಲ್ಲಿ ಮತ್ತು ಮುಸ್ಸಂಜೆಯ ನಂತರ ಎಲ್ಲಿಯೂ ನೀರಿಗಿಳಿಯಬಾರದು. ಎಚ್ಚರಿಕೆ ಫಲಕವಿರುವಲ್ಲಿ “ಸ್ಥಳೀಯರು ಇಳಿದಿದ್ದಾರೆ” ಎಂಬುದು ಸಮಾಧಾನವಾಗಲಾರದು.

ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನವನ್ನು 1983ರಲ್ಲಿ ಸ್ಥಾಪಿಸಲಾಗಿದ್ದು, ಹವಳ ವೀಕ್ಷಣೆಗೆ ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ದ್ವೀಪಗಳನ್ನು ವರ್ಷದ ಬೇರೆ ಬೇರೆ ಅವಧಿಯಲ್ಲಿ ಸರದಿಯಂತೆ ತೆರೆಯಲಾಗುತ್ತದೆ. ಪ್ಲಾಸ್ಟಿಕ್ ಒಯ್ಯುವಂತಿಲ್ಲ. ದಡದಲ್ಲಿ ಬಿದ್ದಿರುವ ಸತ್ತ ಹವಳದ ತುಂಡನ್ನೂ ಎತ್ತಿಕೊಳ್ಳಬಾರದು. ಹವಳವು ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರಡಿ ಸಂರಕ್ಷಿತವಾಗಿದ್ದು, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮಕ್ಕಳ ಚೀಲದಿಂದ ಹೊರಬಂದ ತುಂಡಿಗೂ ಪೋಷಕರೇ ಉತ್ತರಿಸಬೇಕಾಗುತ್ತದೆ.

ಇತರೆ

ಶ್ರೀ ವಿಜಯಪುರಂನಿಂದ ದಿಗ್ಲಿಪುರಕ್ಕೆ ಸರ್ಕಾರಿ ಬಸ್ಸುಗಳಿದ್ದು, ಪ್ರಯಾಣಕ್ಕೆ ಹೆಚ್ಚುಕಡಿಮೆ ಇಡೀ ದಿನ ಹಿಡಿಯುತ್ತದೆ. ಉತ್ತರ ಭಾಗದಲ್ಲಿ ಮೊಬೈಲ್ ಸಂಪರ್ಕ ಎಲ್ಲೆಡೆ ಲಭ್ಯವಿಲ್ಲದ ಕಾರಣ ಹಣವನ್ನು ನಗದಾಗಿ, ಟಿಕೆಟುಗಳನ್ನು ಮುದ್ರಿತ ಪ್ರತಿಯಾಗಿ ಇಟ್ಟುಕೊಳ್ಳತಕ್ಕದ್ದು. ಹೃದ್ರೋಗ, ಮಧುಮೇಹ ಇರುವವರು ಪೂರ್ಣ ಅವಧಿಗೆ ಬೇಕಾಗುವ ಔಷಧಿಯನ್ನು ಕೈಚೀಲದಲ್ಲಿಯೇ ಒಯ್ಯಬೇಕು. ವಾಹನ ಸಾಲು ಮತ್ತು ದೋಣಿಗಳ ವೇಳೆ ಬದಲಾಗುತ್ತಿರುವುದರಿಂದ, ಹೊರಡುವ ಹಿಂದಿನ ದಿನ ಅಂಡಮಾನ್ ಆಡಳಿತದ ಪ್ರವಾಸೋದ್ಯಮ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವಂತೆ ಕೋರಲಾಗಿದೆ.