ಮನೆ ಬಿಟ್ಟ ಮಗುವನ್ನು ಮೊದಲು ಮಾತನಾಡಿಸುವವರು ಯಾರು?

ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದಲ್ಲಿ ಇಳಿಯುವ ಅಸಂಖ್ಯ ಪ್ರಯಾಣಿಕರ ನಡುವೆ, ಗುರುತಿನವರೊಬ್ಬರೂ ಇಲ್ಲದ ಹದಿಹರೆಯದ ಮಕ್ಕಳೂ ಇರುತ್ತಾರೆ. ತಂದೆಯ ಕುಡಿತ, ಹೊಡೆತ, ಪರೀಕ್ಷೆಯಲ್ಲಿ ಅನುತ್ತೀರ್ಣವಾದ ಅಳುಕು, ಕೆಲವೊಮ್ಮೆ ಕೇವಲ ಪಟ್ಟಣದ ಸೆಳೆತ. ಕಾರಣ ಯಾವುದೇ ಇರಲಿ, ಅಂಥ ಮಗುವಿನ ಮುಂದಿನ ಬದುಕು ಬಹುಮಟ್ಟಿಗೆ ಅದನ್ನು ಮೊದಲು ಮಾತನಾಡಿಸಿದವರ ಕೈಯಲ್ಲಿರುತ್ತದೆ. ಅಗ್ಗದ ಆಳು ಹುಡುಕುವವರೂ ಹೆಣ್ಣುಮಕ್ಕಳನ್ನು ಸಾಗಿಸುವ ದಲ್ಲಾಳಿಗಳೂ ಅಲ್ಲಿ ತಡಮಾಡುವುದಿಲ್ಲ.

ಈ ಮೊದಲ ಮಾತಿನ ಬೆಲೆಯನ್ನು ಸಂತ ಡಾನ್ ಬೋಸ್ಕೊ ಅರಿತಿದ್ದರು. 1841ರ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬದ ದಿನ. ಇಟಲಿಯ ಟ್ಯೂರಿನ್ ನಗರದ ದೇವಾಲಯವೊಂದಕ್ಕೆ ಬಂದಿದ್ದ ಬಾರ್ತೊಲೊಮಿಯೊ ಗರೆಲ್ಲಿ ಎಂಬ ಅನಾಥ ಹುಡುಗನನ್ನು, ಬಲಿಪೂಜೆಗೆ ನೆರವಾಗಲು ಬಾರದೆಂಬ ಕಾರಣಕ್ಕೆ ಅಲ್ಲಿಯ ಸೇವಕ ಹೊಡೆದು ಅಟ್ಟಿದ. ಗುರುದೀಕ್ಷೆ ಪಡೆದು ಆರು ತಿಂಗಳಷ್ಟೇ ಆಗಿದ್ದ ಬೋಸ್ಕೊ ಅವನನ್ನು ಮರಳಿ ಕರೆಸಿ, ಈತ ತಮ್ಮ ಗೆಳೆಯನೆಂದರು. ಹೊಡೆದವನೂ ದೇವಾಲಯದವನೇ ಎಂಬ ಸಂಗತಿ ನಮ್ಮನ್ನು ತುಸು ಚುಚ್ಚಬೇಕು.

ಗುರು ಜೋಸೆಫ್ ಕಫಾಸ್ಸೊ ಅವರ ಪ್ರೇರಣೆಯಿಂದ ಸೆರೆಮನೆಗಳಿಗೆ ಹೋಗುತ್ತಿದ್ದ ಬೋಸ್ಕೊ, ಬಿಡುಗಡೆಯಾದ ಹುಡುಗರು ಆಸರೆಯಿಲ್ಲದೆ ಮತ್ತೆ ಅಲ್ಲಿಗೇ ಸೇರುವುದನ್ನು ಕಂಡಿದ್ದರು. ಆದ್ದರಿಂದ ಧರ್ಮೋಪದೇಶದ ಜೊತೆಗೆ ಊಟ, ವಸತಿ, ಕಸುಬುಗಳಿಗೂ ವ್ಯವಸ್ಥೆ ಮಾಡಿದರು. 1850ರ ದಶಕದ ಆರಂಭದಲ್ಲಿ ಅವರು ಮಾಲಿಕರಿಂದ ಬರೆಸಿಕೊಂಡ ಕರಾರುಪತ್ರಗಳು ಇಂದಿಗೂ ಉಳಿದಿವೆ: ಕಸುಬು ಕಲಿಸಬೇಕು, ತಪ್ಪನ್ನು ಮಾತಿನಿಂದಲೇ ತಿದ್ದಬೇಕು, ಹಬ್ಬದ ದಿನ ಬಿಡುವು ಕೊಡಬೇಕು. ಕಾರ್ಮಿಕ ಕಾನೂನು ಕಣ್ಣು ಬಿಡುವ ಮೊದಲೇ ಪಾದ್ರಿಯೊಬ್ಬರು ಮಾಡಿದ ಕೆಲಸವಿದು!

ಅದೇ ಪರಂಪರೆಯ ಸಲೇಶಿಯನ್ ಸಭೆಯವರು 1980ರಲ್ಲಿ ಬೆಂಗಳೂರಿನ ಬೀದಿಮಕ್ಕಳಿಗಾಗಿ ಆರಂಭಿಸಿದ ಸೇವೆಯೇ 'ಬಾಸ್ಕೊ', ಅಂದರೆ ಬೆಂಗಳೂರು ಓಣಿಯವರ ಸೇವಾ ಕೂಟ.

ಇಂದು ಕಾನೂನಿನ ಆಸರೆಯೂ ಇದೆ. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ದಿಕ್ಕಿಲ್ಲದೆ ಸಿಕ್ಕ ಮಗುವನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂದು 2015ರ ಬಾಲನ್ಯಾಯ ಕಾಯಿದೆ ವಿಧಿಸುತ್ತದೆ. ಕನಿಕರಪಟ್ಟು ಮಗುವನ್ನು ಸದ್ದಿಲ್ಲದೆ ಮನೆಯಲ್ಲಿರಿಸಿಕೊಳ್ಳುವ ನಮ್ಮ ಕುಟುಂಬಗಳು ಇದನ್ನು ತಿಳಿದಿರುವುದು ಒಳ್ಳೆಯದು.

ಆದರೆ ನಿಜವಾದ ಕಷ್ಟ ಎದುರಾಗುವುದು ಹದಿನೆಂಟು ತುಂಬಿದ ದಿನ. ಪಾಲನಾಗೃಹದಿಂದ ಹೊರಬಂದವರಿಗೆ 21 ವರ್ಷದವರೆಗೆ ನೆರವು ನೀಡಲು ಕಾಯಿದೆಯಲ್ಲಿ ಅವಕಾಶವಿದೆ. ಆದರೂ ಬಾಡಿಗೆ ಕೋಣೆ ಕೇಳಿದರೆ ಮನೆಯೊಡೆಯರ ಮೊದಲ ಪ್ರಶ್ನೆ ತಂದೆತಾಯಿ ಯಾರೆಂಬುದು. ಕೆಲಸ ಕೇಳಿದರೆ ಹೊಣೆ ನಿಲ್ಲುವವರು ಯಾರೆಂಬುದು. ಹಬ್ಬದೂಟಕ್ಕೆ ಇಂಥ ಮಕ್ಕಳನ್ನು ಕರೆಯುವ ವಾಡಿಕೆ ನಮ್ಮ ಧರ್ಮಕೇಂದ್ರಗಳಲ್ಲಿದೆ. ಅವರಿಗೆ ಹೊಣೆ ನಿಂತು ಕೋಣೆ ಕೊಡಿಸುವ, ತಮ್ಮ ಅಂಗಡಿಯಲ್ಲೋ ಕಾರ್ಯಾಗಾರದಲ್ಲೋ ಕೆಲಸಕ್ಕೆ ಸೇರಿಸಿಕೊಳ್ಳುವ ಮನೆಗಳನ್ನು ಮಾತ್ರ ಇನ್ನೂ ಹುಡುಕಬೇಕಾಗಿದೆ.