ಗಾಳಿಸೀಮೆಯ ಹಿತ್ತಲಿಗೊಂದು ಮುಚ್ಚಿಗೆ

ಹೆದ್ದಾರಿಯಲ್ಲಿ ಚಿತ್ರದುರ್ಗ ಹತ್ತಿರವಾಗುತ್ತಿದ್ದಂತೆ ಬೆಟ್ಟಸಾಲಿನ ನೆತ್ತಿಯ ಮೇಲೆ ಗಾಳಿಯಂತ್ರಗಳು ಕಾಣಿಸತೊಡಗುತ್ತವೆ. ವಿದ್ಯುತ್ ತಯಾರಿಸುವವರು ಈ ಜಿಲ್ಲೆಯನ್ನು ಹುಡುಕಿಕೊಂಡು ಬಂದದ್ದೇ ಇಲ್ಲಿನ ಗಾಳಿಗಾಗಿ. ಅದೇ ಗಾಳಿ ಕೆಳಗಿನ ಊರುಗಳ ಹಿತ್ತಲಿಗೆ ಇಳಿದಾಗ ನೆಲದ ಪಸೆಯನ್ನು ಹೊತ್ತೊಯ್ಯುತ್ತದೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಹಿರಿಯೂರಿನ ಕಡೆ ಅದಕ್ಕೂ ಕಡಿಮೆ, ಹೊಳಲ್ಕೆರೆಯ ಕಡೆ ತುಸು ಹೆಚ್ಚು. ಬಿಸಿಲು, ಗಾಳಿ ಎರಡೂ ಸೇರಿ ಆವಿ ಮಾಡಬಲ್ಲ ನೀರು ಇದರ ಎರಡು ಪಟ್ಟಿಗೂ ಮಿಕ್ಕಿದ್ದು. ಇಂಥ ಸೀಮೆಯಲ್ಲಿ ಮನೆ ಹಿಂದೆ ನಾಲ್ಕು ತೆಂಗು, ಒಂದು ಕರಿಬೇವು, ಎರಡು ಮಡಿ ಸೊಪ್ಪು ಬೆಳೆಯಬೇಕೆನ್ನುವವರು ಮೊದಲು ಕೇಳುವುದು ನೀರೆಲ್ಲಿಂದ ತರೋಣ ಎಂದು. ಬಂದ ನೀರು ಎಲ್ಲಿಗೆ ಹೋಗುತ್ತಿದೆ ಎಂದು ಕೇಳುವವರು ಕಡಿಮೆ. ಆ ಎರಡನೆಯ ಪ್ರಶ್ನೆಗೆ ರೈತರ ಬಳಿ ಹಳೆಯದೊಂದು ಉತ್ತರವಿದೆ: ಗಿಡದ ಬುಡದ ನೆಲವನ್ನು ಸೊಪ್ಪು, ಸಿಪ್ಪೆ, ಗರಿಗಳಿಂದ ಮುಚ್ಚುವುದು. ಕೃಷಿ ಪತ್ರಿಕೆಗಳು ಅದನ್ನು ಮುಚ್ಚಿಗೆ ಎನ್ನುತ್ತವೆ, ಇಲಾಖೆಯವರು ಹೊದಿಕೆ ಎನ್ನುತ್ತಾರೆ, ಅಂಗಡಿಯಲ್ಲಿ ಮಲ್ಚಿಂಗ್ ಎಂದರೆ ತಿಳಿಯುತ್ತದೆ. ಒಣಗಿದ್ದನ್ನೆಲ್ಲ ತಂದು ಬುಡಕ್ಕೆ ಸುರಿದರೆ ಮುಗಿಯಿತು ಎಂಬ ಭಾವನೆ ಇದರ ಬಗ್ಗೆ ಬಲವಾಗಿದೆ. ನನ್ನ ಮಟ್ಟಿಗೆ ಇದು ಹದ ತಿಳಿದು ಮಾಡಬೇಕಾದ ಕಸುಬು. ಏನನ್ನು ಹೊದಿಸುತ್ತೇವೆ ಎನ್ನುವುದಕ್ಕಿಂತ ಯಾವಾಗ ಹೊದಿಸುತ್ತೇವೆ ಎಂಬುದೇ ಇದರ ಜೀವಾಳ.

ಲೆಕ್ಕ ಸರಳ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಉಳಿದದ್ದರಲ್ಲಿ ಗಿಡಗಳಿಗೆ 20 ಚದರ ಮೀಟರ್ ಸಿಕ್ಕಿದೆ ಎನ್ನಿ. ಚೆನ್ನಾಗಿ ನೀರುಣಿಸಿದ ಬರಿನೆಲ ಬಿಸಿಲಿನ ದಿನದಲ್ಲಿ 5 ಮಿಲಿಮೀಟರ್ ಕಳೆದುಕೊಂಡರೆ ಅಷ್ಟಗಲಕ್ಕೆ 100 ಲೀಟರ್ ಆಯಿತು, ಅಂದರೆ ಆರೇಳು ಕೊಡ. ಇದರಲ್ಲಿ ಗಿಡದ ಬೇರಿಗೆ ಹೋದದ್ದು ಒಂದು ಹನಿಯೂ ಇಲ್ಲ. ಮೇಲ್ಪದರ ಒಣಗಿದ ಮೇಲೆ ಈ ನಷ್ಟ ತಾನಾಗಿ ಇಳಿಯುತ್ತದೆ ನಿಜ. ಆದರೆ ಅಷ್ಟರಲ್ಲಿ ನಾವು ಮತ್ತೆ ನೀರು ಹಾಯಿಸಿರುತ್ತೇವೆ, ನಷ್ಟ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹೊಸದುರ್ಗ, ಹೊಳಲ್ಕೆರೆ ಕಡೆಯ ಮರಳು ಬೆರೆತ ಕೆಂಪು ನೆಲಕ್ಕೆ ಇನ್ನೊಂದು ಕಾಯಿಲೆಯೂ ಇದೆ. ಜೋರು ಮಳೆಯ ಹನಿ ನೇರವಾಗಿ ಬಿದ್ದಾಗ ಮೇಲಿನ ಮಣ್ಣಿನ ಹರಳು ಒಡೆದು, ನುಣುಪು ಪುಡಿ ಸಂದುಗಳಲ್ಲಿ ತುಂಬಿಕೊಂಡು, ಬಿಸಿಲಿಗೆ ಹೆಪ್ಪುಗಟ್ಟುತ್ತದೆ. ಮುಂದಿನ ಮಳೆ ಆ ಹೆಪ್ಪಿನ ಮೇಲೆ ಜಾರಿ ಚರಂಡಿ ಸೇರುತ್ತದೆ. ಮರಳು ನೆಲ ನೀರನ್ನು ಬೇಗ ಕುಡಿಯಬೇಕಾದದ್ದು, ಹೆಪ್ಪುಗಟ್ಟಿದರೆ ಸಿಮೆಂಟಿನಂತೆ ವರ್ತಿಸುತ್ತದೆ. ಮೂರು ಅಂಗುಲದ ಹೊದಿಕೆ ಹನಿಯ ಪೆಟ್ಟನ್ನು ತಾನು ತಿಂದು ನೀರನ್ನು ಮೆಲ್ಲಗೆ ಇಳಿಬಿಡುತ್ತದೆ. ಹಿರಿಯೂರಿನ ಎರೆಭೂಮಿಯಲ್ಲಿ ತೊಂದರೆ ಬೇರೆ ಬಗೆಯದು: ಒಣಗಿದಾಗ ಬಾಯ್ಬಿಡುವ ಬಿರುಕುಗಳ ಮೂಲಕ ಆಳದ ಪಸೆಯೂ ಹೊರಬೀಳುತ್ತದೆ. ಅಲ್ಲಿಯೂ ಮದ್ದು ಇದೇ.

ಹೊದಿಕೆಯ ಬಗ್ಗೆ ಕನ್ನಡದಲ್ಲಿ ಬಂದಿರುವ ತಿಳಿವಳಿಕೆಯ ಬಹುಪಾಲು ಮಲೆನಾಡು, ಕರಾವಳಿಯದು. ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಸೊಪ್ಪು, ದರಕು (ತರಗೆಲೆ) ತರಲೆಂದೇ ಸೊಪ್ಪಿನ ಬೆಟ್ಟಗಳಿವೆ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದ, ಇಂದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಎನಿಸಿಕೊಂಡಿರುವ ಕಾಸರಗೋಡಿನ ಸಂಸ್ಥೆ ತೆಂಗಿನ ಬುಡಕ್ಕೆ ಗರಿ, ಸಿಪ್ಪೆ ಹೊದಿಸುವ ಕ್ರಮವನ್ನು ಅಳತೆ ಸಮೇತ ಹೇಳಿದೆ. ಅಲ್ಲಿಯದೂ ಮರಳು ನೆಲವೇ. ಆದರೆ ಮಳೆ ನಮ್ಮದರ ಐದಾರು ಪಟ್ಟು. ಅಲ್ಲಿ ಮಳೆಗಾಲದ ಹೊದಿಕೆ ಸತ್ವ ತೊಳೆದುಹೋಗದಂತೆ, ಕಳೆ ಏಳದಂತೆ ನೋಡಿಕೊಳ್ಳುತ್ತದೆ. ಮುಂಗಾರು ಮುಗಿಯುವ ಹೊತ್ತಿಗೆ ಬೇಸಿಗೆಗೆಂದು ಮತ್ತೆ ಹಾಸುತ್ತಾರೆ. ಚಿತ್ರದುರ್ಗದ ಪಂಚಾಂಗ ಹೀಗಿಲ್ಲ. ನಮ್ಮಲ್ಲಿ ಒಳ್ಳೆಯ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಜೂನ್, ಜುಲೈಯಲ್ಲಿ ಮೋಡಕ್ಕಿಂತ ಗಾಳಿಯೇ ಹೆಚ್ಚು. ಕರಾವಳಿಯ ಪುಸ್ತಕ ನೋಡಿ ಒಣನೆಲದ ಮೇಲೆ ದಪ್ಪನೆ ಹೊದಿಸಿದರೆ ಆಗಾಗ ಬೀಳುವ ತುಂತುರು ಹೊದಿಕೆಯಲ್ಲೇ ನೆನೆದು ಅಲ್ಲೇ ಆರುತ್ತದೆ, ಮಣ್ಣಿಗೆ ತಲುಪುವುದಿಲ್ಲ. ಹೊದಿಸಿ ನೋಡಿದೆವು, ಏನೂ ಆಗಲಿಲ್ಲ ಎಂದು ದೂರುವವರಲ್ಲಿ ಬಹಳ ಮಂದಿಯ ತಪ್ಪು ಇಲ್ಲಿದೆ ಎಂದು ನನ್ನ ಎಣಿಕೆ. ಮುಚ್ಚಿಗೆ ನೀರನ್ನು ಹುಟ್ಟಿಸಲಾರದು, ಇದ್ದುದನ್ನು ಕಾಯುತ್ತದೆ ಅಷ್ಟೆ. ಆದ್ದರಿಂದ ನೆಲ ಒಂದಡಿ ಆಳಕ್ಕೆ ನೆನೆದ ಮೇಲೆ, ಮೇಲಿನ ಕೆಸರು ಆರಿ ಮಣ್ಣು ಕೈಗೆ ಹದವಾಗಿ ಸಿಕ್ಕುವ ಎರಡು ಮೂರು ದಿನಗಳೊಳಗೆ ಹೊದಿಸಬೇಕು. ಹಿಂಗಾರಿನ ಮೊದಲ ಎರಡು ದೊಡ್ಡ ಮಳೆಯಾದ ಬೆನ್ನಿಗೆ ಈ ಕೆಲಸ ಮಾಡಿದವರಿಗೆ ಸಂಕ್ರಾಂತಿಯವರೆಗೂ ಮಣ್ಣು ತಣ್ಣಗಿರುತ್ತದೆ.

ಹೊದಿಸಲು ಸಾಮಗ್ರಿ ಎಲ್ಲಿದೆ ಎಂದು ಕೇಳುವುದು ಈ ಸೀಮೆಯಲ್ಲಿ ನ್ಯಾಯವಲ್ಲ. ಹೊಸದುರ್ಗ, ಹಿರಿಯೂರು ತೆಂಗಿನ ಸೀಮೆ. ಹೊಳಲ್ಕೆರೆ, ಭೀಮಸಮುದ್ರ ಅಡಿಕೆಯ ಸೀಮೆ. ಇಲ್ಲಿ ಅಡಿಕೆಯನ್ನು ಹಸಿಯಾಗಿ ಸುಲಿದು ಬೇಯಿಸಿ ಕೆಂಪಡಿಕೆ ಮಾಡುವುದರಿಂದ ಆಗಸ್ಟಿನಿಂದ ಡಿಸೆಂಬರ್ ತನಕ ಹಸಿ ಸಿಪ್ಪೆ ರಾಶಿ ರಾಶಿಯಾಗಿ ಬೀಳುತ್ತದೆ. ಹಿತ್ತಲಿಗೆ ಹೊದಿಕೆ ಬೇಕಾಗುವ ಹೊತ್ತಿಗೇ ಸರಿಯಾಗಿ ಸಿಪ್ಪೆ ಸಿಗುತ್ತದೆ, ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಆದರೂ ಆ ರಾಶಿ ರಸ್ತೆ ಬದಿಯಲ್ಲಿ ಕೊಳೆತು, ಕೊನೆಗೆ ಬೆಂಕಿ ಬಿದ್ದು, ದಿನಗಟ್ಟಲೆ ಹೊಗೆಯಾಡುವುದನ್ನು ನೋಡುವುದು ಸಂಕಟದ ವಿಷಯ. ಹಸಿ ಸಿಪ್ಪೆಯನ್ನು ನೇರ ಬುಡಕ್ಕೆ ಹಾಕಬಾರದು, ಒಳಗೊಳಗೇ ಕಾವು ಏರಿ ಎಳೆಯ ಬೇರನ್ನು ಬೇಯಿಸುತ್ತದೆ. ತೆಳ್ಳಗೆ ಹರಡಿ ಒಂದು ವಾರ ಬಿಸಿಲುಣಿಸಿದರೆ ಸಾಕು. ತೆಂಗಿನ ನಾರಿನ ಪುಡಿಯಲ್ಲಿಯೂ ಎಚ್ಚರ ಬೇಕು. ಅದು ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಆದರೆ ಹಸಿ ಪುಡಿಯಲ್ಲಿ ಸಾರಜನಕ ಒಂದು ಪಾಲಿದ್ದರೆ ಇಂಗಾಲ ನೂರು ಪಾಲು. ಮಣ್ಣಿಗೆ ಬೆರೆಸಿದರೆ ಕೊಳೆಸುವ ಜೀವಾಣುಗಳು ಗಿಡದ ಪಾಲಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಎಲೆ ಹಳದಿಯಾಗುತ್ತದೆ. ಮೇಲೆ ಹಾಸಿದಾಗ ಈ ತೊಂದರೆ ಬಹಳ ಕಡಿಮೆ, ಕೊಳೆಸಿ ಹಾಕಿದರೆ ಇಲ್ಲವೇ ಇಲ್ಲ ಎನ್ನಬಹುದು. ಚಳ್ಳಕೆರೆ ಕಡೆಯಿಂದ ಬರುವ ಶೇಂಗಾ ಹೊಟ್ಟು ಹಗುರ, ಗಾಳಿಗೆ ಹಾರಿಹೋಗುತ್ತದೆ. ಅದರ ಮೇಲೆ ಗರಿಯ ತುಂಡಿಟ್ಟು ಒತ್ತಬೇಕು. ರಾಗಿ ಹುಲ್ಲು, ಜೋಳದ ಸಪ್ಪೆಯ ಮಾತೆತ್ತಬಾರದು. ಅದು ದನದ ಪಾಲು, ಬರದ ವರ್ಷದಲ್ಲಿ ಅದನ್ನು ಹಿತ್ತಲಿಗೆ ಹಾಸುವುದು ತಪ್ಪು. ದಾಳಿಂಬೆ ತೋಟದ ಸವರಿದ ರೆಂಬೆಯನ್ನೂ ತರಬೇಡಿ. ದುಂಡಾಣು ಅಂಗಮಾರಿ ಈ ಭಾಗದ ಬೆಳೆಗಾರರನ್ನು ಕಾಡಿದ ರೋಗ, ಬಿದ್ದ ಎಲೆ ಕಡ್ಡಿಯಲ್ಲಿ ಅದು ಉಳಿಯುತ್ತದೆ. ಕಪ್ಪುತಲೆ ಹುಳು ತಿಂದ ತೆಂಗಿನ ಗರಿಗೂ ಇದೇ ಮಾತು, ಅದನ್ನು ಸುಡುವುದೇ ಸರಿ.

ಹಾಸುವ ಬಗೆಯಲ್ಲಿಯೂ ಕಲಿಯುವುದಿದೆ. ತೆಂಗಿನ ಬುಡದಿಂದ ಸುತ್ತ ಆರಡಿ ಪಾತಿ ಮಾಡಿ, ಹತ್ತು ಹದಿನೈದು ಗರಿಗಳನ್ನು ಎರಡು ಮೂರು ತುಂಡು ಮಾಡಿ ಹರಡಿದರೆ ಒಂದು ಪದರವಾಗುತ್ತದೆ. ತೆಂಗಿನ ಸಿಪ್ಪೆಯಾದರೆ ಗುಳಿಯ ಮೈ ಕೆಳಗೆ, ಉಬ್ಬಿದ ಮೈ ಮೇಲೆ ಇರಬೇಕು. ಗುಂಡಿ ತೋಡಿ ಹೂಳುವಾಗ ಇದು ತಿರುವುಮುರುವು: ಗುಳಿ ಮೇಲಿದ್ದರೆ ಬಟ್ಟಲಿನಂತೆ ನೀರು ಹಿಡಿಯುತ್ತದೆ. ನೆಲದ ಮೇಲೆ ಹಾಗಿಟ್ಟರೆ ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ, ಊರಿನೊಳಗಿನ ಹಿತ್ತಲಲ್ಲಿ ಡೆಂಗಿಯ ಭಯವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ತರಕಾರಿ ಮಡಿಗೆ ಎರಡು ಅಂಗುಲ, ಮರಗಳಿಗೆ ಮೂರರಿಂದ ನಾಲ್ಕು. ಕಾಂಡಕ್ಕೆ ಮಾತ್ರ ತಾಗಿಸಬಾರದು. ಒಂದು ಗೇಣು ಬಿಟ್ಟರೆ ಕೊಳೆರೋಗದ ಭಯವಿಲ್ಲ. ಈ ಮೊದಲು ಹೇಳಿದ 20 ಚದರ ಮೀಟರಿಗೆ ಮೂರು ಅಂಗುಲದಂತೆ ಬೇಕಾಗುವುದು ಒಂದೂವರೆ ಘನ ಮೀಟರ್ ಸಾಮಗ್ರಿ, ಸುಮಾರು ಅರ್ಧ ಟ್ರ್ಯಾಕ್ಟರ್ ಲೋಡು.

ಇಷ್ಟು ಹೇಳುವಷ್ಟರಲ್ಲಿ ಯಾರಾದರೂ ಗೆದ್ದಲಿನ ಮಾತು ತೆಗೆದೇ ತೆಗೆಯುತ್ತಾರೆ. ಕೆಂಪು ನೆಲದಲ್ಲಿ ಒಣ ಕಡ್ಡಿ ಹಾಕಿದರೆ ಗೆದ್ದಲನ್ನು ಕರೆದು ಊಟಕ್ಕೆ ಕೂರಿಸಿದಂತೆ ಎಂಬ ಈ ಆಕ್ಷೇಪ ಹುರುಳಿಲ್ಲದ್ದಲ್ಲ, ಗೆದ್ದಲು ಬರುತ್ತದೆ. ಆದರೆ ಹುತ್ತದ ಗೆದ್ದಲಿಗೆ ಪ್ರಿಯವಾದುದು ಸತ್ತ, ಒಣಗಿದ ನಾರು. ತಿನ್ನಲು ಒಣ ಕಸವೇ ಇಲ್ಲದ ಬರಿನೆಲದಲ್ಲಿ, ನೀರಿಲ್ಲದೆ ಬಾಡಿದ ಗಿಡದ ತೊಗಟೆಗೆ ಅದು ಬಾಯಿ ಹಾಕುವುದು ಹೆಚ್ಚು. ಹೊದಿಕೆಯನ್ನು ತಿಂದ ಗೆದ್ದಲು ನೆಲದೊಳಗೆ ಕೊರೆಯುವ ದಾರಿಗಳೇ ಮುಂದೆ ನೀರಿಳಿಯುವ ಕೊಳವೆಗಳಾಗುತ್ತವೆ. ಆಫ್ರಿಕದ ಬುರ್ಕಿನಾ ಫಾಸೋದ ರೈತರು ಹೆಪ್ಪುಗಟ್ಟಿ ಬಂಜರಾದ ನೆಲದಲ್ಲಿ ಜಾಯ್ ಎಂಬ ಸಣ್ಣ ಗುಣಿಗಳನ್ನು ತೋಡಿ, ಗೊಬ್ಬರ, ಕಸ ಹಾಕಿ ಗೆದ್ದಲು ಬರಲೆಂದೇ ಕಾಯುತ್ತಾರೆ. ಅದು ಕೊರೆದ ಮೇಲೆ ಅಲ್ಲಿ ಸಜ್ಜೆ, ಜೋಳ ಬೆಳೆಯುತ್ತಾರೆ. ನಮ್ಮ ನೆಲದ ರೋಗವೂ ಅದೇ ಜಾತಿಯದು. ಹೊಸದಾಗಿ ನೆಟ್ಟ ಎಳೆ ಸಸಿಗೆ ಮಾತ್ರ ಮೊದಲ ವರ್ಷ ಒಣ ಕಡ್ಡಿಯ ಬದಲು ಹೊಂಗೆಯ ಸೊಪ್ಪು, ಗ್ಲಿರಿಸಿಡಿಯಾ ಸೊಪ್ಪಿನಂಥ ಹಸಿರು ಹೊದಿಸಿ, ಬುಡದ ಸುತ್ತ ಒಂದು ಹಿಡಿ ಬೇವಿನ ಹಿಂಡಿ ಉದುರಿಸುವುದು ಒಳ್ಳೆಯದು. ತೆಂಗಿಗೆ ಕುರುವಾಯಿ ದುಂಬಿಯ ಭಯವೂ ಇದೆ, ಅದು ಮೊಟ್ಟೆಯಿಡುವುದು ಕೊಳೆಯುವ ರಾಶಿಯಲ್ಲಿ. ರಾಶಿ ಹಾಕದೆ ಹರಡಿದರೆ ಅದಕ್ಕೆ ಎಡೆ ಸಿಗುವುದಿಲ್ಲ. ಹಾವು, ಚೇಳಿನ ಮಾತೂ ಹೀಗೆಯೇ: ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದ ಮಟ್ಟೆಯ ರಾಶಿ ಅವುಗಳ ಮನೆಯಾದಷ್ಟು ತೆಳುವಾಗಿ ಹರಡಿದ ಪದರ ಆಗಲಾರದು. ಆದರೂ ನಡೆದಾಡುವ ದಾರಿಯನ್ನು ತೆರವಾಗಿಡಬೇಕು, ಮನೆಗೋಡೆಯಿಂದ ಎರಡಡಿ ಬಿಡಬೇಕು, ಬೆಂಕಿಯ ದೃಷ್ಟಿಯಿಂದಲೂ.

ಇವೆಲ್ಲಕ್ಕಿಂತ ಗಟ್ಟಿಯಾದ ಅಡ್ಡಿ ನಮ್ಮ ಪೊರಕೆ. ಗುಡಿಸಿ, ನೀರು ಹಾಕಿ, ರಂಗೋಲಿ ಬಿಟ್ಟ ಅಂಗಳ ನಮಗೆ ಮನೆಯ ಮರ್ಯಾದೆ. ಅದರಲ್ಲಿ ತಪ್ಪಿಲ್ಲ. ಆದರೆ ಅದೇ ಪೊರಕೆ ಹಿತ್ತಲಿನ ಮಾವಿನ ಬುಡದವರೆಗೂ ಹೋಗಿ, ಬಿದ್ದ ತರಗೆಲೆಯನ್ನೆಲ್ಲ ಮೂಲೆಗೆ ತಳ್ಳಿ ಸಂಜೆ ಕಡ್ಡಿ ಗೀರುವಾಗ, ಮರ ತನಗೆಂದು ಉದುರಿಸಿಕೊಂಡ ಹೊದಿಕೆಯನ್ನು ನಾವು ಕಸಿದಂತಾಗುತ್ತದೆ. ಅಂಗಳಕ್ಕೂ ಹಿತ್ತಲಿಗೂ ಒಂದು ಗೆರೆ ಎಳೆದುಕೊಳ್ಳಬೇಕು, ಪೊರಕೆ ಆ ಗೆರೆಯ ಈಚೆಗೇ ನಿಲ್ಲಬೇಕು.

ಪ್ಲಾಸ್ಟಿಕ್ ಹಾಳೆಯ ಬಗ್ಗೆ ಒಂದು ಮಾತು. ಹನಿ ನೀರಾವರಿಯೊಂದಿಗೆ ಕಲ್ಲಂಗಡಿ, ಟೊಮೆಟೊ ಬೆಳೆಯುವ ಹೊಲದಲ್ಲಿ ಅದಕ್ಕೆ ಜಾಗವಿದೆ. ಮನೆಯ ಹಿತ್ತಲಿಗೆ ಮಾತ್ರ ಬೇಡ. ಮಳೆ ಅದರ ಮೇಲೆ ಜಾರಿ ಹೋಗುತ್ತದೆ, ನೆಲ ಬಿಸಿಯಾಗುತ್ತದೆ, ಹರಿದ ಚೂರು ಮಣ್ಣಲ್ಲೇ ಉಳಿಯುತ್ತದೆ. ಕಲ್ಲಿನ ಊರಾದ ಚಿತ್ರದುರ್ಗಕ್ಕೆ ಕಲ್ಲಿನ ಹೊದಿಕೆಯೇ ಆಗಬಾರದೇ ಎಂದರೆ, ಆಗಬಹುದು. ಗದಗ, ಕೊಪ್ಪಳದ ಎರೆಹೊಲಗಳಲ್ಲಿ ಉಸುಕು, ಗರಸು ಹರಡಿ ಪಸೆ ಉಳಿಸುವ ರೂಢಿಯಿದೆ. ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನುರುಜುಗಲ್ಲಿನ ಹೊಲಗಳು ನೂರಾರು ವರ್ಷ ಹಳೆಯವು. ಕಲ್ಲನ್ನು ಗೆದ್ದಲು ತಿನ್ನದು, ಗಾಳಿ ಒಯ್ಯದು. ಆದರೆ ಅದು ಮಣ್ಣಿಗೆ ಏನನ್ನೂ ಕೊಡುವುದಿಲ್ಲ, ಏಪ್ರಿಲ್ ತಿಂಗಳಲ್ಲಿ ರಾತ್ರಿಯೂ ಕಾವು ಸೂಸುತ್ತದೆ. ಗಾಳಿ ಹೆಚ್ಚು ಬಡಿಯುವ ಕಡೆ ಸಿಪ್ಪೆಯ ಮೇಲೆ ಅಲ್ಲಲ್ಲಿ ಕಲ್ಲಿಡುವುದು ಇವೆರಡರ ನಡುವಿನ ದಾರಿ.

ಭದ್ರಾ ಮೇಲ್ದಂಡೆ ಯೋಜನೆಯ ನೀರು ಬರುತ್ತದೆ, ಆಮೇಲೆ ಇದೆಲ್ಲ ಏಕೆ ಎನ್ನುವವರೂ ಇದ್ದಾರೆ. ಆ ಯೋಜನೆಯೇ ಸುಮಾರು 2.25 ಲಕ್ಷ ಹೆಕ್ಟೇರಿಗೆ ಹನಿ, ತುಂತುರು ಪದ್ಧತಿಯಲ್ಲಿ ನೀರು ಕೊಡಲು ರೂಪಿಸಿದ್ದು. ಹನಿಯಲ್ಲಿ ಬಂದ ನೀರನ್ನು ಬಿಸಿಲಿಗೆ ಒಡ್ಡುವುದು ಯಾವ ಜಾಣತನ? ಅಣೆಕಟ್ಟಿದ್ದ ಮಾತ್ರಕ್ಕೆ ಅದು ತುಂಬುತ್ತದೆ ಎಂದೂ ಇಲ್ಲ: ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಹರಿದದ್ದು 2022ರಲ್ಲಿ, 89 ವರ್ಷಗಳ ಬಳಿಕ. ಕಾಲುವೆ ಬಂದರೂ ಅದು ಹೊಲಕ್ಕೆ ಬರುತ್ತದೆ, ಮನೆಯ ಹಿತ್ತಲಿಗೆ ಬರುವುದಿಲ್ಲ.

ಇನ್ನು ಉಳಿದದ್ದು ಈ ಕೆಲಸ ಮಾಡುವವರು ಯಾರು ಎಂಬ ಪ್ರಶ್ನೆ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ವಲಯ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ, ಕೃಷಿ ವಿಜ್ಞಾನ ಕೇಂದ್ರವೂ ಇದೆ. ಒಣಸೀಮೆಯ ತಿಳಿವು ಬೇಕಾದವರು ಹೋಗಿ ಕೇಳಬಹುದಾದ ಜಾಗ. ಆದರೆ ಪಟ್ಟಣದ ಮನೆಗಳಿಗೆ ಕೈಯಲ್ಲಿ ಕೆಲಸ ಮಾಡುವವರು ಬೇಕು, ಅವರು ಈಗಾಗಲೇ ನಮ್ಮ ಗೇಟಿನೊಳಗೆ ಬಂದು ಹೋಗುತ್ತಿದ್ದಾರೆ. ಎರಡು ಮೂರು ತಿಂಗಳಿಗೊಮ್ಮೆ ಕಾಯಿ ಕೀಳುವವರು ಬರುತ್ತಾರೆ, ಮರ ಹತ್ತಿ ಗೊನೆ ಇಳಿಸಿ, ಒಣ ಗರಿ ಕಡಿದು ಕೆಡವುತ್ತಾರೆ. ಆ ಗರಿಯನ್ನು ಸಾಗಹಾಕಲು ನಾವು ಬೇರೆ ಕೂಲಿ ಕೊಡುತ್ತೇವೆ. ಮಚ್ಚು ಅವರ ಕೈಯಲ್ಲಿದೆ, ಯಾವ ಗರಿಗೆ ಹುಳು ಬಿದ್ದಿದೆ ಎಂದು ಅವರ ಕಣ್ಣಿಗೆ ಮೊದಲು ಕಾಣುತ್ತದೆ. ಅಕ್ಟೋಬರಿನಲ್ಲಿ ಮಳೆ ಬಿದ್ದ ಮೂರನೆಯ ದಿನಕ್ಕೆ ಅವರನ್ನು ಕರೆದು, ಸಾಗಣೆಯ ದುಡ್ಡನ್ನು ಹಾಸುವ ಕೂಲಿಯಾಗಿ ಕೊಟ್ಟರೆ, ಇಳಿಸಿದ ಗರಿ ಅದೇ ಮರದ ಪಾತಿಯಲ್ಲಿ ಮೂರು ತುಂಡಾಗಿ ಮಲಗುತ್ತದೆ.