ಹಕ್ಕಿಪಿಕ್ಕಿಗಳು ಮುಟ್ಟಿದ ದೂರ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ಇಲ್ಲಿಂದಲೇ ಹದ್ದುಬಸ್ತಿನಲ್ಲಿ ಇಡುತ್ತಾರೆ. ದೂರದ ಮಾತು ಬಂದರೆ ಜಿಲ್ಲೆಯವರು ಇದನ್ನೇ ಹೇಳಿಕೊಳ್ಳುವುದು. ನನ್ನನ್ನು ಹೆಚ್ಚು ಬೆರಗಾಗಿಸುವವರು ಬೇರೆ: ಹಕ್ಕಿಪಿಕ್ಕಿ ಬುಡಕಟ್ಟಿನವರು. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಅವರದೊಂದು ದೊಡ್ಡ ನೆಲೆಯಿದೆ. ಗಿಡಮೂಲಿಕೆ ಹಾಕಿ ಕಾಸಿದ ಕಪ್ಪು ತಲೆಎಣ್ಣೆ, ಬಾಟಲಿಯ ಪಕ್ಕದಲ್ಲಿ ಮೊಣಕಾಲು ಮುಟ್ಟುವ ಕೂದಲು ಬಿಟ್ಟುಕೊಂಡು ನಿಂತ ಗಂಡಸರು, ಹೆಂಗಸರು. ಈ ಜಾಹೀರಾತನ್ನು ಮೊಬೈಲಿನಲ್ಲಿ ನೋಡದವರು ಕಡಿಮೆ.

2011ರ ಜನಗಣತಿಯಂತೆ ಕರ್ನಾಟಕದ ಹಕ್ಕಿಪಿಕ್ಕಿಗಳು ಒಟ್ಟು 11,892 ಮಂದಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಕ್ಕಿ ಹಿಡಿಯುವ ಕುಲಕಸುಬೇ ಅಪರಾಧವಾಯಿತು. ಆಮೇಲೆ ಎಣ್ಣೆ, ಬೇರು, ಮೂಲಿಕೆ ಹಿಡಿದು ಹೊರಟವರು ರಾಜ್ಯ ದಾಟಿದರು, ದೇಶ ದಾಟಿದರು, ಆಫ್ರಿಕಾ ಮುಟ್ಟಿದರು.

ಎಲ್ಲಿಯವರೆಗೆ ಮುಟ್ಟಿದ್ದರು ಎಂಬುದು ನಾಡಿಗೆಲ್ಲ ಗೊತ್ತಾದದ್ದು 2023ರ ಏಪ್ರಿಲ್‌ನಲ್ಲಿ. 15ರಂದು ಸೂಡಾನಿನಲ್ಲಿ ಸೇನೆಗೂ ಅರೆಸೇನೆಗೂ ಕಾಳಗ ಹತ್ತಿತು. ಕರ್ನಾಟಕದ 31 ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದಿದ್ದಾರೆ ಎಂಬ ಸುದ್ದಿ ಬಂತು. ಇದ್ದದ್ದು ಅಲ್ ಫಾಶಿರ್‌ನಲ್ಲಿ, ಡಾರ್ಫುರ್ ಸೀಮೆಯಲ್ಲಿ. ಭೂಪಟ ತೆಗೆದು ನೋಡಿ. ಸೂಡಾನ್ ಸುಮಾರು 18.6 ಲಕ್ಷ ಚದರ ಕಿ.ಮೀ.; 270 ಹಾಸನ ಜಿಲ್ಲೆಗಳು ಅದರೊಳಗೆ ಹಿಡಿಸುತ್ತವೆ. ಡಾರ್ಫುರ್ ಒಂದೇ ಕರ್ನಾಟಕದ ಎರಡರಷ್ಟಕ್ಕಿಂತ ದೊಡ್ಡದು. ಭಾರತದ ರಾಯಭಾರ ಕಚೇರಿ ಇದ್ದದ್ದು ಖಾರ್ಟೂಮಿನಲ್ಲಿ, ಅಲ್ ಫಾಶಿರ್‌ನಿಂದ ನೇರ ಗೆರೆ ಎಳೆದರೂ 800 ಕಿ.ಮೀ. ಆಚೆ. ಸಾಲದ್ದಕ್ಕೆ ಖಾರ್ಟೂಮೇ ರಣರಂಗವಾಗಿ, ಬಿಡಿಸಬೇಕಾದ ಕಚೇರಿಯೇ ಪೋರ್ಟ್ ಸೂಡಾನಿಗೆ ಜಾಗ ಬದಲಿಸಬೇಕಾಯಿತು. ಅಲ್ ಫಾಶಿರ್‌ನಿಂದ ಆ ಬಂದರಿಗೆ 1,400 ಕಿ.ಮೀ.: ಹಾಸನದಿಂದ ಝಾನ್ಸಿಗೆ ಇರುವಷ್ಟು.

ಇಲ್ಲಿ ಚುನಾವಣೆಯ ಕಾಲ. ಸಿಕ್ಕಿಬಿದ್ದವರ ಬಗ್ಗೆ ಅಂದಿನ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ಸಿಡುಕಿದರು. ಆ ಜಗಳ ಹಾಗಿರಲಿ. ಮುಂದೆ ನಡೆದದ್ದು ಸೂಡಾನಿನಿಂದ ಭಾರತೀಯರನ್ನು ಕರೆತರುವ ಆಪರೇಷನ್ ಕಾವೇರಿ. ಐಎನ್‌ಎಸ್ ಸುಮೇಧಾ ಮೊದಲ ಸಲಕ್ಕೇ 278 ಜನರನ್ನು ಕೆಂಪು ಸಮುದ್ರ ದಾಟಿಸಿ ಜೆದ್ದಾಕ್ಕೆ ತಂದಿತು. ನೌಕಾಪಡೆಯ ಹಡಗುಗಳು 5 ಸಲ, ವಾಯುಪಡೆಯ ವಿಮಾನಗಳು 17 ಸಲ ಓಡಾಡಿದವು. ಮೇ 5ರ ಹೊತ್ತಿಗೆ ಹೊರಬಂದವರು 3,862. ಮತದಾನಕ್ಕೆ ಮೂರು ದಿನ ಮೊದಲು, ಮರಳಿ ಬಂದ ಹಕ್ಕಿಪಿಕ್ಕಿಗಳನ್ನು ಪ್ರಧಾನಿ ಶಿವಮೊಗ್ಗದಲ್ಲಿ ಕಂಡು ಮಾತಾಡಿಸಿದರು.

ಇನ್ನೊಂದು ಲೆಕ್ಕ. ಆಫ್ರಿಕಾದ 54 ದೇಶಗಳಲ್ಲಿ 2018ಕ್ಕೆ ಮುಂಚೆ ಭಾರತದ ರಾಯಭಾರ ಕಚೇರಿ ಇದ್ದದ್ದು 29ರಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಇನ್ನೂ 18ಕ್ಕೆ ಒಪ್ಪಿಗೆ ಕೊಟ್ಟು ಅದನ್ನು 47ಕ್ಕೆ ಏರಿಸಲು ಹೊರಟಿತು. ಒಂದು ಕಚೇರಿ ತೆರೆಯಲು ಸಂಪುಟದ ಟಿಪ್ಪಣಿ, ಬಜೆಟ್ಟು, ಹುದ್ದೆ, ಕಟ್ಟಡ, ಕಾರು ಎಲ್ಲ ಬೇಕು. ಎಣ್ಣೆ ಬಾಟಲಿಯವರಿಗೆ ಪಾಸ್‌ಪೋರ್ಟು, ವೀಸಾ, ಸಾಲ ಮಾಡಿ ಕೊಂಡ ಟಿಕೆಟ್ಟು ಸಾಕಾಗುತ್ತದೆ. ಅದೇ 2023ರ ಆಗಸ್ಟ್ 30ರಂದು ಗ್ಯಾಬೊನ್‌ನಲ್ಲಿ ಸೇನೆ ದಂಗೆಯೆದ್ದಾಗ ಪತ್ರಿಕೆಗಳಲ್ಲಿ ಮತ್ತೆ ಅವರದೇ ಸುದ್ದಿ: ಚನ್ನಗಿರಿ ಕಡೆಯ ಹಕ್ಕಿಪಿಕ್ಕಿಗಳು ಅಲ್ಲೂ ಇದ್ದರು.